ಮೂಲೆಯ ತೂಕ

ಮಾರ್ಚ್ ೪, ಸೋಮವಾರ

ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿವೆ. ಮುಂದಿನಿಂದ ಕಪ್ಪೆಯ ಹೃದಯದ ಚಿತ್ರ, ಹಿಂದಿನಿಂದ ನಾನು. ಇದರಲ್ಲಿ ಸುಳ್ಳು ಬರೆಯುವುದಿಲ್ಲ. ಸುಳ್ಳು ಹೇಳುವುದಾಗಿದ್ದರೆ ಶಾಲೆಯಲ್ಲೇ ಇರಬಹುದಿತ್ತು. ತಪಾಸಣೆಗೆ ಬಂದವರು ಪ್ರಯೋಗಾಲಯಕ್ಕೆ ವಾರಕ್ಕೆ ಎಷ್ಟು ಸಲ ಬರುತ್ತೀರಿ ಎಂದು ಕೇಳಿದಾಗ ಎರಡು ಸಲ ಎನ್ನಬೇಕಿತ್ತು. ನಾನು, ಅದರ ಬೀಗ ತೆಗೆದದ್ದೇ ಇವತ್ತು ಎಂದುಬಿಟ್ಟೆ. ಶಾಲೆಯವರೆಲ್ಲ ಸೇರಿ ನನ್ನನ್ನೇ ಸುಳ್ಳಿ ಎಂದು, ಕ್ಷಮೆ ಕೇಳು ಎಂದರು, ಕೇಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದವಳು ಮತ್ತೆ ಆ ಗೇಟು ದಾಟಿಲ್ಲ.

ಅಮ್ಮ ಒಂದು ವಾರ ಮಾತಾಡಲಿಲ್ಲ. ಎಂಟನೆಯ ದಿನ ಮಾತಾಡಿದ್ದು ಇಷ್ಟು: "ಚಿಕ್ಕಮ್ಮನ ಹತ್ರ ಹೋಗಿ ಒಂದು ವರ್ಷ ಕೆಲಸ ಕಲಿ. ಮನೇಲಿ ಕೂತು ನನ್ನ ತಲೆ ತಿನ್ಬೇಡ."

ಚಿಕ್ಕಮ್ಮ ಸಾಕುಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ಹದಿನಾಲ್ಕು ವರ್ಷ ಆಪರೇಷನ್ನಿಗೆ ನಾಯಿ ಹಿಡಿದು, ಪಂಜರ ತೊಳೆದು, ಈಗ ತಾನೇ ಒಂದು ಕೋಣೆ ಗಿಟ್ಟಿಸಿಕೊಂಡಿದ್ದಾಳೆ. ಬಾಗಿಲಿಗೆ ತಾನೇ ಬರೆದು ಅಂಟಿಸಿದ್ದಾಳೆ: ನರ್ಸ್ ಕ್ಲಿನಿಕ್. ಕಾಯಿಲೆ ಬರುವ ಮೊದಲೇ ಬನ್ನಿ. ಹಲ್ಲು ನೋಡುವುದು, ಉಗುರು ಕತ್ತರಿಸುವುದು, ಉಣ್ಣಿ ಹುಳ ತೆಗೆಯುವುದು, ಜಂತುಹುಳದ ಮಾತ್ರೆ ಕೊಡುವುದು, ಲಸಿಕೆಗೆ ನೆನಪು ಮಾಡುವುದು, ದಪ್ಪಗಾದವರನ್ನು ಸಣ್ಣಗೆ ಮಾಡುವುದು. ಡಾಕ್ಟರು ಮೇ ಮುಗಿಯುವವರೆಗೆ ಗಡುವು ಕೊಟ್ಟಿದ್ದಾರೆ. ಕೋಣೆಯಿಂದ ಉಪಯೋಗ ಕಂಡರೆ ಸರಿ, ಇಲ್ಲವಾದರೆ ಚಿಕ್ಕಮ್ಮ ಮತ್ತೆ ಪಂಜರದ ಕಡೆಗೆ.

ಅಮ್ಮ ಇದನ್ನೂ ಲೆಕ್ಕಕ್ಕೆ ಹಿಡಿದಿದ್ದಾಳೆ. "ಆ ಕ್ಲಿನಿಕ್ ಮುಚ್ಚಿಹೋದ್ರೆ ಬಾ, ನಿನ್ನ ದಾರಿ ನೀನು ನೋಡ್ಕೋ, ನಾನು ಕೇಳಲ್ಲ. ನಡೀತಾ ಇದ್ರೆ ವರ್ಷ ಪೂರ್ತಿ ಅಲ್ಲೇ."

ಬ್ಯಾಗಿನಿಂದ ಬಟ್ಟೆ ತೆಗೆದಿಟ್ಟಿಲ್ಲ. ಮಂಚದ ಕೆಳಗೆ ಹಾಗೇ ತಳ್ಳಿದ್ದೇನೆ.

ಮಾರ್ಚ್ ೬, ಬುಧವಾರ

ನಮ್ಮ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ಬಾಗಿಲು ಎರಡು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಂದು ಬಾಗಿಲು ಮುಚ್ಚದೆ ಇನ್ನೊಂದನ್ನು ತೆರೆಯುವಂತಿಲ್ಲ, ಬೆಕ್ಕು ಓಡಿಹೋಗುತ್ತದೆ. ದಿನಕ್ಕೆ ಹತ್ತಾರು ಸಲ ಆ ಡಬ್ಬಿಯಲ್ಲಿ ನಿಂತು, ಹಿಂದಿನ ಬಾಗಿಲು ಕ್ಲಿಕ್ ಎನ್ನುವವರೆಗೆ ಕಾಯುತ್ತೇನೆ. ಸಂಜೆ ಮೆಟ್ಟಿಲು ಹತ್ತಿದರೆ ಮೇಲೆ ಚಿಕ್ಕಮ್ಮನ ಒಂದೇ ಕೋಣೆಯ ಮನೆ. ರಸ್ತೆಗೆ ಇಳಿಯದೆಯೇ ದಿನ ಮುಗಿಯುತ್ತದೆ.

ಚಿಕ್ಕಮ್ಮ ನಾಯಿಗಳನ್ನು ಬಹುವಚನದಲ್ಲಿ ಕರೆಯುತ್ತಾಳೆ. "ಬನ್ನಿ ಸ್ವಾಮಿ, ಹತ್ತಿ. ನಾಚಿಕೆ ಬೇಡ." ಮನುಷ್ಯರನ್ನು ಮಾತ್ರ ಗದರುತ್ತಾಳೆ.

ಇವತ್ತು ದಿಂಬು ಬಂದ. ನಿಜವಾದ ಹೆಸರು ಬೇರೆ ಏನೋ ಇದೆ, ಯಾರೂ ಕರೆಯುವುದಿಲ್ಲ. ಕಂದು ಬಣ್ಣ, ಜೋಲು ಕಿವಿ, ಸೊಂಟವೇ ಇಲ್ಲ. ಯಜಮಾನರು ಡ್ರೈವಿಂಗ್ ಶಾಲೆ ನಡೆಸುವ ಮೇಷ್ಟ್ರು. ಕಲಿಯುವವರು ಮುಂದೆ, ದಿಂಬು ಹಿಂದಿನ ಸೀಟಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಊರೆಲ್ಲ ಸುತ್ತುತ್ತಾನೆ, ಒಂದು ಹೆಜ್ಜೆ ನಡೆಯುವುದಿಲ್ಲ. ತೂಕದ ಯಂತ್ರ ಮೂವತ್ತೊಂಬತ್ತು ಕೆಜಿ ತೋರಿಸಿತು.

"ಇವರು ಮೂವತ್ತೆರಡಕ್ಕೆ ಇಳೀಬೇಕು. ಹಿಂದಿನ ಕಾಲು ನೋಡಿ, ಈಗ್ಲೇ ಕಟಕಟ ಅಂತಿದೆ. ಹೀಗೇ ಬಿಟ್ರೆ ಎದ್ದು ನಿಲ್ಲಕ್ಕೂ ಆಗಲ್ಲ ಆಮೇಲೆ," ಎಂದಳು ಚಿಕ್ಕಮ್ಮ.

"ನಾನು ಏನೂ ಹಾಕಲ್ಲ ಮೇಡಮ್. ಕಲಿಯೋಕ್ ಬರೋರು ಬಿಸ್ಕತ್ತು ಕೊಡ್ತಾರೆ."

"ಯಾಕೆ ಕೊಡ್ತಾರೆ?"

"ಹೆದರಿಕೆಗೆ. ಗೇರು ತಪ್ಪಾಗ್ ಹಾಕಿದ್ರೆ ಇವನು ಹಿಂದಿನಿಂದ ಬೊಗಳ್ತಾನೆ."

ನನಗೆ ನಗು ಬಂತು. ಚಿಕ್ಕಮ್ಮ ನಗಲಿಲ್ಲ. ದಿನಕ್ಕೆ ಎಷ್ಟು ಅನ್ನ, ಎಷ್ಟು ನಡಿಗೆ ಎಂದು ಹೇಳಿ ಕಳಿಸಿದಳು.

ಮಾರ್ಚ್ ೧೧, ಸೋಮವಾರ

ತೂಕದ ಯಂತ್ರ ಎಂದರೆ ನೆಲದ ಮೇಲಿಡುವ ಅಗಲವಾದ ಕಬ್ಬಿಣದ ಹಲಗೆ, ಮೇಲೆ ರಬ್ಬರ್ ಹಾಸು. ಕೋಣೆಯ ನಡುವೆ ಇತ್ತು. ನಾಯಿಗಳು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿದುಬಿಡುತ್ತವೆ. ಅಂಕಿ ನಿಲ್ಲುವಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ. ಹಿಡಿದು ಹಿಡಿದು ನನ್ನ ಸೊಂಟ ಬಿದ್ದುಹೋಯಿತು.

ಚಿಕ್ಕಮ್ಮನಿಗೆ ಇವತ್ತು ಹೊಳೆಯಿತು. ಹಲಗೆಯನ್ನು ಮೂಲೆಗೆ ತಳ್ಳಿದಳು. ಎರಡು ಕಡೆ ಗೋಡೆ, ಒಂದು ಕಡೆ ನಾನು, ಒಂದು ಕಡೆ ಅವಳು. ಇನ್ನು ಹೋಗುವುದೆಲ್ಲಿಗೆ? ಹೆದರಿದ ನಾಯಿ ಗೋಡೆಗೆ ಮೈ ಆನಿಸಿ ಸುಮ್ಮನೆ ನಿಲ್ಲುತ್ತದೆ.

"ಹೆಂಗೆ?" ಎಂದಳು ನನ್ನ ಕಡೆ ತಿರುಗಿ.

"ಚೆನ್ನಾಗಿದೆ. ನಂಗೂ ಹಿಂಗೇ ಮಾಡಿದೀರಲ್ಲ."

"ಬಾಯಿ ಮಾತ್ರ ಯಾವ ಮೂಲೆಗೂ ಸಿಗಲ್ಲ ನಿಂದು," ಎಂದಳು. ನನಗೆ ಬುಗುರಿ ಎಂದು ಹೆಸರಿಟ್ಟಿದ್ದಾಳೆ, ಕೂತಲ್ಲಿ ಕೂರುವುದಿಲ್ಲವಂತೆ.

ಮಾರ್ಚ್ ೨೬, ಮಂಗಳವಾರ

ಮಧ್ಯಾಹ್ನ ಯಾರೂ ಇಲ್ಲದಾಗ ನಾನೇ ಯಂತ್ರದ ಮೇಲೆ ನಿಂತೆ. ನಲವತ್ತೆಂಟು. ಬಂದ ದಿನ ಐವತ್ತೆರಡಿದ್ದೆ. ಮೂರು ವಾರದಲ್ಲಿ ನಾಲ್ಕು ಕೆಜಿ ಇಳಿದಿದ್ದೇನೆ. ಯಾಕೆ ಇಳಿಯುವುದಿಲ್ಲ? ಗಾಳಿ ಇಲ್ಲ, ಬೆಳಕಿಲ್ಲ, ಮಾತಾಡಲು ನನ್ನ ವಯಸ್ಸಿನವರು ಯಾರೂ ಇಲ್ಲ.

ಅಮ್ಮನಿಗೆ ಫೋನ್ ಮಾಡಿದೆ. "ಸೊರಗಿಹೋಗ್ತಾ ಇದೀನಿ. ಬಾಯಿ ಮಾತಲ್ಲ, ಯಂತ್ರದಲ್ಲೇ ನೋಡಿದೀನಿ."

"ಊಟ ಮಾಡ್ತಿದೀಯ ತಾನೆ?"

"ಮಾಡ್ತಿದೀನಿ. ಮೈಗೆ ಹತ್ತಲ್ಲ."

ಊಟ ಮಾಡುತ್ತಿರುವುದು ನಿಜ. ಚಿಕ್ಕಮ್ಮ ಬಡಿಸುವಾಗ ಬೇಡ ಎಂದರೆ ಕೇಳುವವಳಲ್ಲ, ನಾನೂ ಅಷ್ಟೊಂದು ಬೇಡ ಎನ್ನುವುದಿಲ್ಲ. ಆದರೂ ಇಳಿದಿದ್ದೇನೆ ಎಂದರೆ ಒಳಗಿನ ಕೊರಗು ಎಷ್ಟಿರಬೇಕು.

ಏಪ್ರಿಲ್ ೨, ಮಂಗಳವಾರ

ಉಗುರು. ಉಗುರು. ಕಿವಿ. ಉಗುರು. ಒಂದು ಮೊಲ. ಉಗುರು.

ಏಪ್ರಿಲ್ ೧೨, ಶುಕ್ರವಾರ

ಎಲ್ಲ ನಾಯಿಗಳೂ ಇಳಿಯುತ್ತಿವೆ. ಮೊದಲ ಸಲ ತೂಗಿ ಹೋದವರು ಎರಡನೆಯ ಸಲ ಬಂದಾಗ ಇಳಿದಿರುತ್ತಾರೆ, ಮೂರನೆಯ ಸಲ ಇನ್ನೂ. ದಿಂಬು ಮೂವತ್ತೈದಕ್ಕೆ ಬಂದಿದ್ದಾನೆ. ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬೆಳಿಗ್ಗೆ ಬಂದವಳೇ ತಾನೂ ಯಂತ್ರ ಹತ್ತುತ್ತಾಳೆ. ಅವಳೂ ಇಳಿದಿದ್ದಾಳೆ, ಎಪ್ಪತ್ತೆಂಟರಿಂದ ಎಪ್ಪತ್ತೊಂದಕ್ಕೆ. ಆದರೆ ಕೆಲಸದ ಕೋಟಿನ ನಡುವಿನ ಗುಂಡಿ ಹಾಕಲು ಆಗುತ್ತಿಲ್ಲ.

"ಈ ದೋಬಿ ಬಿಸಿನೀರಲ್ಲಿ ಹಾಕಿ ಹಾಕಿ ಕೋಟನ್ನ ಕುಗ್ಗಿಸಿಬಿಟ್ಟ ಕಣೇ."

"ಮತ್ತೆ ದಿಂಬೂನ ಎದೆಪಟ್ಟಿ? ಅದೂ ಮೊದಲಿನ ತೂತಲ್ಲೇ ಇದೆ. ಅದನ್ನೂ ದೋಬಿ ಕುಗ್ಗಿಸಿದ್ನಾ?"

"ಎದೆ ಹಾಗೇ ಇರತ್ತೆ, ಹೊಟ್ಟೆ ಇಳಿಯತ್ತೆ. ನಿಂಗೇನು ಗೊತ್ತು?"

ನನಗೇನೂ ಗೊತ್ತಿಲ್ಲ, ಅದು ನಿಜ. ನೋಡೋಣ ಡಾಕ್ಟರು (ಏನು ಕೇಳಿದರೂ ನೋಡೋಣ ಎನ್ನುವುದರಿಂದ ನಾನಿಟ್ಟ ಹೆಸರು) ಬಾಗಿಲಲ್ಲಿ ತಲೆ ಹಾಕಿ, "ಪರವಾಗಿಲ್ವಲ್ಲ" ಎಂದು ಹೋದರು. ಅವರ ಬಾಯಲ್ಲಿ ಬೇರೆ ಮಾತು ಬಂದದ್ದನ್ನು ನಾನು ಕೇಳಿದ್ದು ಇದೇ ಮೊದಲು. ಹೀಗೇ ಆದರೆ ಇದು ಮುಚ್ಚುವುದಿಲ್ಲ.

ಏಪ್ರಿಲ್ ೨೪, ಬುಧವಾರ

ಬಟ್ಟೆ ಹೊಲಿದುಕೊಡುವ ಅಕ್ಕ, ನಮಗೆ ಹೊಲಿಗೆಯಕ್ಕ, ಉಗುರು ಕತ್ತರಿಸಲೆಂದು ಬೆಕ್ಕನ್ನು ಬಕೆಟ್ಟಿನಲ್ಲಿ ಹಾಕಿ, ಮೇಲೆ ತಟ್ಟೆ ಮುಚ್ಚಿ ತಂದಿದ್ದಳು. ತಟ್ಟೆ ತೆಗೆದದ್ದೇ ತಡ, ಅದು ಔಷಧದ ಕಪಾಟಿನ ಕೆಳಗೆ ನುಗ್ಗಿತು. ಹೊಲಿಗೆಯಕ್ಕ ಕೋಲು ತರಲು ಹೊರಟಳು. ಕೋಲು ಹಾಕಿದರೆ ಇನ್ನು ಜನ್ಮದಲ್ಲಿ ಈ ಕಡೆ ಬರುವುದಿಲ್ಲ ಅದು, ಎಂದೆ. ಚಿಕ್ಕಮ್ಮ ಆಚೆ ಇದ್ದಳು. ನಾನು ಕಪಾಟಿನ ಮುಂದೆ ನೆಲದ ಮೇಲೆ ಮಲಗಿದೆ. ಕೆನ್ನೆಗೆ ತಣ್ಣನೆಯ ಟೈಲ್ಸು. ಅದು ನನ್ನನ್ನು ನೋಡುತ್ತಿತ್ತು, ನಾನು ಅದನ್ನು ನೋಡಲಿಲ್ಲ. ನೇರ ದಿಟ್ಟಿಸಿದರೆ ಹೆದರುತ್ತವೆ. ಎಷ್ಟೋ ಹೊತ್ತಾದ ಮೇಲೆ ಒಂದು ಕಾಲು ಈಚೆ ಬಂತು. ಆ ಕಾಲಿನ ಉಗುರನ್ನು ಮಲಗಿದಲ್ಲೇ ಕತ್ತರಿಸಿದೆ. ಆಮೇಲೆ ಇನ್ನೊಂದು ಕಾಲು.

ಹೊಲಿಗೆಯಕ್ಕ ಹೊಲಿಗೆ ಬಾಕಿ ಇದೆ ಎಂದು ಗೊಣಗುತ್ತಲೇ ಇದ್ದಳು. ನನ್ನ ಎಡಗೈ ಪೂರ್ತಿ ಜೋಮು ಹಿಡಿಯಿತು, ಬಟ್ಟೆ ಎಲ್ಲ ಕೂದಲು. ಇಂಥ ಕೆಲಸ ಯಾರಿಗೆ ಬೇಕು?

ಮೇ ೪, ಶನಿವಾರ

ಮುಗಿಯಿತು ನನ್ನ ಕಥೆ.

ದಿಂಬು ಮೂವತ್ಮೂರು ಚಿಲ್ಲರೆಗೆ ಇಳಿದ. ಗುರಿ ಮುಟ್ಟಿದ ಹಾಗೇ ಎಂದು ಚಿಕ್ಕಮ್ಮ ಅವನ ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿ ಫೋಟೋ ತೆಗೆಸಿದಳು. ಫೋಟೋ ಮುಂದಿನ ಹಜಾರದ ಗೋಡೆಯ ಮೇಲಿದೆ, ಕೆಳಗೆ 'ನರ್ಸ್ ಕ್ಲಿನಿಕ್‌ನ ಮೊದಲ ಗೆಲುವು' ಎಂಬ ಬರಹ. ಮೇಷ್ಟ್ರು ಕಣ್ಣೊರೆಸಿಕೊಂಡರು. "ಇನ್ಮೇಲೆ ಒಂದೊಂದು ಹಿಡಿ ಜಾಸ್ತಿ ಹಾಕಬಹುದು, ಪಾಪ, ತುಂಬಾ ಕಷ್ಟಪಟ್ಟಿದಾರೆ," ಎಂದಳು ಚಿಕ್ಕಮ್ಮ.

ಡಾಕ್ಟರು ಎಲ್ಲರೆದುರು, "ಹೀಗೇ ನಡೀಲಿ. ತಿಂಗಳ ಕೊನೇಲಿ ಕಾಯಂ ಮಾಡಿಬಿಡೋಣ," ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲ ಎಂದು. ಆಮೇಲೆ ಆ ಎರಡು ಬಾಗಿಲಿನ ನಡುವೆ ನಿಂತುಕೊಂಡೆ. ಹಿಂದಿನದು ಮುಚ್ಚಿತ್ತು, ಮುಂದಿನದನ್ನು ತೆರೆಯಲಿಲ್ಲ. ಕತ್ತಲು, ಡೆಟಾಲಿನ ವಾಸನೆ. ಎಲ್ಲಿಗಾದರೂ ಹೋಗಬೇಕು. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನಬೇಕಾಗುತ್ತದೆ, ಅದೇ ಕೋಪ.

ನನ್ನ ತೂಕ ನಲವತ್ತೇಳು.

ಮೇ ೧೪, ಮಂಗಳವಾರ

ದಿಂಬುವಿಗೆ ಕಾರು ಹತ್ತಲು ಆಗುತ್ತಿಲ್ಲ. ಮುಂಗಾಲು ಸೀಟಿನ ಮೇಲಿಟ್ಟು ಹಿಂದಕ್ಕೆ ತಿರುಗಿ ನೋಡುತ್ತಾನಂತೆ, ಎತ್ತಿ ಎಂದು. ಇವತ್ತು ಮೇಷ್ಟ್ರು ಮತ್ತು ಕಲಿಯುವ ಹುಡುಗಿ ಇಬ್ಬರೂ ಸೇರಿ ಎತ್ತಿ ತಂದರು. ಹುಡುಗಿ ಏದುಸಿರು ಬಿಡುತ್ತಾ, "ಇವನು ಇಳಿದಿರೋದು ಅಂದ್ರೆ ಮೊದಲು ಹೆಂಗಿದ್ನೋ!" ಎಂದಳು.

ನೋಡೋಣ ಡಾಕ್ಟರು ಕಾಲು ಮಡಿಸಿ, ಬಿಡಿಸಿ ನೋಡಿದರು. "ತೂಕ ಸರಿಯಾಗಿದೆ. ಹಾಗಾದ್ರೆ ಇದು ವಯಸ್ಸಿಂದು. ನೋವಿನ ಮಾತ್ರೆ ಕೊಡೋಣ. ಇದಕ್ಕಿಂತ ಜಾಸ್ತಿ ಏನೂ ಮಾಡಕ್ಕಾಗಲ್ಲ."

ಮೇಷ್ಟ್ರು ಪಟ್ಟಿ ಹಿಡಿದು ಹಾಗೇ ನಿಂತಿದ್ದರು. "ಇನ್ನೂ ಎಂಟೇ ವರ್ಷ ಸಾರ್ ಇವನಿಗೆ," ಎಂದರು. ಆಮೇಲೆ ದಿಂಬುವಿಗೆ, "ನಡಿ, ಫಸ್ಟ್ ಗೇರಲ್ಲೇ ಹೋಗೋಣ," ಎಂದು ಹೊರಟರು.

ಗೋಡೆಯ ಮೇಲೆ ದಿಂಬು ರಿಬ್ಬನ್ ಕಟ್ಟಿಕೊಂಡು ನಗುತ್ತಿದ್ದಾನೆ. ಅದರ ಕೆಳಗೇ ಅವನು ಕುಂಟುತ್ತ ಹೋದ.

ಮೇ ೨೨, ಬುಧವಾರ

ಚೀಲದಣ್ಣ ನಾಯಿಗಳ ಒಣ ಆಹಾರದ ಚೀಲ ಇಳಿಸಿ ಹೋದ. ನೆಲ ಒರೆಸಿ ಹಸಿಯಾಗಿತ್ತೆಂದು ಚೀಲವನ್ನು ಯಂತ್ರದ ಮೇಲಿಟ್ಟೆ. ಹದಿನೇಳು ಎಂದು ತೋರಿಸಿತು. ಚೀಲದ ಮೇಲೆ ದಪ್ಪಕ್ಷರದಲ್ಲಿ ಇಪ್ಪತ್ತು ಕೆಜಿ ಎಂದಿದೆ. ಹೊಲಿಗೆ ಬಿಚ್ಚಿಲ್ಲ, ತೂತಿಲ್ಲ. ಇನ್ನೊಂದು ಚೀಲ ಇಟ್ಟೆ, ಅದೂ ಹದಿನೇಳು.

ಚೀಲದಣ್ಣನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಮೂಕಪ್ರಾಣಿಗಳ ಹೊಟ್ಟೆಗೆ ಹೊಡೆಯಲು ನಾಚಿಕೆಯಾಗಲ್ವಾ ಎಂದೂ ಕೇಳಿದೆ. ಆತ ಪೂರ್ತಿ ಕೇಳಿಸಿಕೊಂಡು, "ನಾಳೆ ಬರ್ತೀನಿ ತಾಯಿ, ಮುಖಾಮುಖಿ ಬೈಯೋರಂತೆ," ಎಂದ.

ಇವತ್ತು ಮನಸ್ಸು ಹಗುರವಾಗಿದೆ. ಬೈಯಲು ಒಬ್ಬರು ಸಿಕ್ಕರು.

ಮೇ ೨೩, ಗುರುವಾರ

ಚಿಕ್ಕಮ್ಮ ಡಾಕ್ಟರ ಕೋಣೆಯಲ್ಲಿದ್ದಳು. ಚೀಲದಣ್ಣ ಹೆಗಲ ಮೇಲೆ ತನ್ನದೇ ತೂಕದ ಯಂತ್ರ ಹೊತ್ತು ಬಂದ. ಕೋಣೆಯ ನಡುವೆ ಇಟ್ಟ. ನೆನ್ನೆಯ ಚೀಲ ಅದರ ಮೇಲಿಟ್ಟ. ಇಪ್ಪತ್ತು.

"ನಿಮ್ಮ ಯಂತ್ರ ನೀವೇ ತಿರುಗಿಸಿರ್ತೀರ," ಎಂದೆ.

"ಹಾಗಾದ್ರೆ ನಿಮ್ಮದನ್ನೇ ಈಚೆ ತನ್ನಿ."

ಇಬ್ಬರೂ ಸೇರಿ ನಮ್ಮ ಹಲಗೆಯನ್ನು ಎಳೆದೆವು. ಬರಲಿಲ್ಲ. ಚಿಕ್ಕಮ್ಮ ದಿನಾ ಬೆಳಿಗ್ಗೆ ಕಾಲಿನಲ್ಲಿ ಒಂದು ನೂಕು ನೂಕಿ ನೂಕಿ ಅದು ಎರಡು ಗೋಡೆಯ ನಡುವೆ ಸಿಕ್ಕಿಹಾಕಿಕೊಂಡಿತ್ತು. ಜಗ್ಗಿ ಎಳೆದಾಗ ಗೋಡೆಯ ಸುಣ್ಣ ಉದುರಿತು. ಕಬ್ಬಿಣದ ಅಂಚು ಉಜ್ಜಿ ಗೋಡೆಯಲ್ಲಿ ಗೆರೆ ಕೊರೆದಿತ್ತು. ನಡುವೆ ಇಟ್ಟು, ಚೀಲ ಇಟ್ಟೆವು. ಇಪ್ಪತ್ತು. ಮತ್ತೆ ಮೂಲೆಗೆ ಒತ್ತಿದೆವು. ಹದಿನೇಳು.

"ನಿಮ್ಮ ಗೋಡೆ ಮೂರು ಕೆಜಿ ತಿಂತಾ ಇದೆ," ಎಂದು ಚೀಲದಣ್ಣ ನಕ್ಕ. "ನನ್ನನ್ನ ಬೈದ್ರಲ್ಲ, ಈಗ ಗೋಡೆಗೆ ಬೈರಿ."

ಅಂಚು ಗೋಡೆಗೆ ಸಿಕ್ಕಿಕೊಂಡು ಭಾರದಲ್ಲಿ ಒಂದು ಪಾಲನ್ನು ಗೋಡೆಯೇ ಹೊರುತ್ತಿತ್ತು, ಭಾರ ಹೆಚ್ಚಿದಷ್ಟೂ ಆ ಪಾಲೂ ಹೆಚ್ಚು. ಕ್ಷಮೆ ಕೇಳಿದೆ. ಆತ ಹೋದ ಮೇಲೂ ಚೀಲ ನೋಡುತ್ತ ನಿಂತಿದ್ದೆ. ಚೀಲ ಇಪ್ಪತ್ತಾದರೆ ದಿಂಬು ಎಷ್ಟು?

ಯಾವ ನಾಯಿಯೂ ಅಷ್ಟೊಂದು ಇಳಿದಿಲ್ಲ. ಇಳಿಯದ ಅವಕ್ಕೆ ಊಟ ಹೆಚ್ಚಿಸಿ ಕಳಿಸಿದ್ದೇವೆ. ದಿಂಬುವಿನ ಕಾಲು ವಯಸ್ಸಿನದು ಎಂದಿದ್ದೇವೆ.

ಡಾಕ್ಟರ ಕೋಣೆಯಿಂದ ಚಿಕ್ಕಮ್ಮ ಬಂದಳು. ಶನಿವಾರ ಕಾಯಂ ಮಾಡುತ್ತಾರಂತೆ. ಹೊಸ ಬೋರ್ಡು ಬರೆಸುತ್ತಾರಂತೆ. ನನ್ನ ಕೆನ್ನೆ ಹಿಂಡಿದಳು. ಹೇಳಲಿಲ್ಲ. ನಾನು, ಹೇಳಲಿಲ್ಲ.

ಮೇ ೨೪, ಶುಕ್ರವಾರ

ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುವಾಗ ಹೇಳಿಬಿಟ್ಟೆ. ಚೀಲ, ಗೋಡೆ, ಗೆರೆ, ಎಲ್ಲ. ಬಾಚಣಿಗೆ ಕೂದಲಲ್ಲೇ ನಿಂತಿತು.

"ಯಾರಿಗೆ ಹೇಳಿದೀಯ?"

"ನಿಮಗೇ."

ಕನ್ನಡಿಯಲ್ಲೇ ನನ್ನನ್ನು ನೋಡುತ್ತ ಹೇಳಿದಳು, "ನಾಳೆ ಕಾಯಂ ಆದ್ರೆ ನೀನು ಇಲ್ಲೇ ಇರ್ಬೇಕು. ಮುಚ್ಚಿದ್ರೆ ಬ್ಯಾಗ್ ಎತ್ಕೊಂಡು ಹೊರಡ್ತೀಯ. ಮಂಚದ ಕೆಳಗೆ ಏನಿದೆ ಅಂತ ನಂಗೆ ಗೊತ್ತಿಲ್ವಾ? ಮೂರು ತಿಂಗಳು ಕಾಣದ್ದು ಇವತ್ತೇ ಕಂಡಿತಾ?"

ಶಾಲೆಯಲ್ಲಿ ಎಲ್ಲರೂ ಸೇರಿ ಸುಳ್ಳಿ ಎಂದಾಗ ಇಷ್ಟು ನೋಯಲಿಲ್ಲ. ಹೋಗಬೇಕು ಅನ್ನುವುದು ನಿಜ, ಗೋಡೆ ತೂಕ ತಿಂದದ್ದೂ ನಿಜ. ಎರಡೂ ನಿಜವಾದರೆ ನಾನೇನು ಮಾಡಲಿ? ಹಾಗೇ ಹೇಳಿದೆ.

"ಬಾ," ಎಂದಳು.

ತಲೆ ಅರ್ಧ ಬಾಚಿದ ಹಾಗೇ ಕೆಳಗಿಳಿದಳು. ಮೊದಲು ಮೂಲೆಯಲ್ಲಿ ನಿಂತಳು. ಅರವತ್ತೆಂಟು. ಆಮೇಲೆ ಇಬ್ಬರೂ ಹಲಗೆಯನ್ನು ನಡುವಿಗೆ ಎಳೆದೆವು. ಅವಳು ಹತ್ತಿದಳು. ಎಂಬತ್ತು.

ಬಹಳ ಹೊತ್ತು ಅಂಕಿಯನ್ನೇ ನೋಡಿದಳು. "ದೋಬಿಗೆ ಎಷ್ಟು ಬೈದೆ ಕಣೇ ನಾನು," ಎಂದಳು.

ನಗು ಬರಬೇಕಿತ್ತು. ಅವಳ ಕಣ್ಣು ನೋಡಿ ಬರಲಿಲ್ಲ.

"ನೀನೂ ಹತ್ತು."

ಬೇಡ ಎಂದೆ. ಕೈ ಹಿಡಿದು ಹತ್ತಿಸಿದಳು. ಐವತ್ತೈದು.

ಯಂತ್ರ ಈಗ ಸರಿಯಾಗಿದೆ ತಾನೇ ಎಂದು ಎರಡು ಸಲ ಇಳಿದು ಹತ್ತಿದೆ. ಬಂದಾಗಿನದಕ್ಕಿಂತ ಮೂರು ಕೆಜಿ ಜಾಸ್ತಿ. ಅಮ್ಮನಿಗೆ ಏನೆಂದು ಹೇಳುವುದು?

ಮೇ ೨೫, ಶನಿವಾರ

ಚಿಕ್ಕಮ್ಮ ಡಾಕ್ಟರ ಕೋಣೆಗೆ ಒಬ್ಬಳೇ ಹೋದಳು. ಒಂದು ದಿನ ತಡೆಯಬಹುದಿತ್ತು, ಕಾಯಂ ಆದ ಮೇಲೆ ಮೆಲ್ಲಗೆ ಸರಿಮಾಡಿಕೊಳ್ಳಬಹುದಿತ್ತು. ಹಾಗೆಂದು ನಾನೇ ಅಂದೆ. ಈಗ ನೆನೆಸಿಕೊಂಡರೆ ಆಶ್ಚರ್ಯವಾಗುತ್ತದೆ, ಆ ಮಾತು ನನ್ನ ಬಾಯಿಂದ ಬಂದದ್ದು.

"ದಿಂಬು ಒಂದು ದಿನ ಜಾಸ್ತಿ ನೋವು ತಿನ್ಬೇಕಾ ಅದಕ್ಕೆ?" ಎಂದು ಕೇಳಿ ಹೋದಳು. ಹೋಗುವಾಗ ಹಜಾರದ ಗೋಡೆಯಿಂದ ಫೋಟೋ ಕಿತ್ತುಕೊಂಡು ಹೋದಳು.

ನಾನು ಎರಡು ಬಾಗಿಲಿನ ನಡುವೆ ನಿಂತು ಕಾದೆ. ಡಾಕ್ಟರ ದನಿ ಏರಲಿಲ್ಲ, ಅದೇ ಹೆದರಿಕೆ. ಅವಳು ಹೊರಬಂದು ಹೇಳಿದ್ದು: "ಆಸ್ಪತ್ರೆ ಹೆಸರು ಏನಾಗ್ಬೇಕು ಅಂದ್ರು. ಸೋಮವಾರದಿಂದ ಎಲ್ಲರಿಗೂ ಫೋನ್ ಮಾಡಿ ಕರೆಸು ಅಂದ್ರು. ಆಮೇಲೆ ನೋಡೋಣ ಅಂದ್ರು."

ಮೇ ೨೯, ಬುಧವಾರ

ಮೂರು ದಿನದಿಂದ ಫೋನು. "ನಮ್ಮ ತಪ್ಪಿಂದ ತೂಕ ಕಮ್ಮಿ ತೋರಿಸಿದೆ, ದಯವಿಟ್ಟು ಮತ್ತೆ ಕರ್ಕೊಂಡು ಬನ್ನಿ." ಚಿಕ್ಕಮ್ಮ ನಾಲ್ಕು ಜನಕ್ಕೆ ಮಾಡಿ ಫೋನನ್ನು ನನ್ನ ಕೈಗಿಟ್ಟಳು, ಉಳಿದವರಿಗೆ ನಾನು ಮಾಡಿದೆ. ಒಬ್ಬಾಕೆ ನಕ್ಕಳು. ಒಬ್ಬರು ಹೊಸ ಬಟ್ಟೆ ಹೊಲಿಸಿದ್ದಾರಂತೆ ನಾಯಿಗೆ, ಅದರ ದುಡ್ಡು ಕೊಡಿ ಎಂದರು. ಇಬ್ಬರು ಇನ್ನು ಈ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಎಂದು ಫೋನಿಟ್ಟರು.

ದಿಂಬು ಬಂದ. ಯಂತ್ರವನ್ನು ಕೋಣೆಯ ನಡುವೆ ಇಟ್ಟಿದ್ದೆವು. ಅವನು ಅಭ್ಯಾಸ ಬಲದಿಂದ ಸೀದಾ ಮೂಲೆಗೆ ಹೋಗಿ ಗೋಡೆಗೆ ಒರಗಿ ನಿಂತ. ಅಲ್ಲಿ ಈಗ ಏನೂ ಇಲ್ಲ. ನಾನು ಹಲಗೆಯ ಪಕ್ಕ ನೆಲದ ಮೇಲೆ ಕೂತು ಬೆನ್ನು ಕೊಟ್ಟೆ. ಸ್ವಲ್ಪ ಹೊತ್ತಿಗೆ ಬಂದು ತಾನೇ ಹತ್ತಿದ. ನನಗೆ ಒರಗಬಾರದೆಂದು ನಾನು ಇಂಚಿಂಚೇ ಸರಿದೆ. ಮೂವತ್ತೊಂಬತ್ತೂವರೆ.

ಮೇಷ್ಟ್ರಿಗೆ ಕೋಪ ಬಂತು. ಬರಬೇಕಾದ್ದೇ. "ಎರಡು ತಿಂಗಳು ಇವನ ಕಣ್ಣು ತಪ್ಪಿಸಿ ತಪ್ಪಿಸಿ ಊಟ ಮಾಡಿದೀನಿ ಮೇಡಮ್! ಕಾರಲ್ಲಿ ಬಿಸ್ಕತ್ತು ತಂದೋರಿಗೆ ಲೈಸೆನ್ಸೇ ಕೊಡಿಸಲ್ಲ ಅಂದೆ! ಕೆಜಿ ಎರಡು ಕೆಜಿ ಇಳಿದಿದ್ನೋ ಏನೋ, ಅದನ್ನೂ ನೀವೇ ಒಂದೊಂದು ಹಿಡಿ ಜಾಸ್ತಿ ಹಾಕಿಸಿ ವಾಪಸ್ ತಂದ್ರಿ!"

ಚಿಕ್ಕಮ್ಮ ತಲೆ ತಗ್ಗಿಸಿ ನಿಂತಿದ್ದಳು. ಮನುಷ್ಯರನ್ನು ಗದರುವ ಚಿಕ್ಕಮ್ಮ.

ಡಾಕ್ಟರು ಬಂದು ಅಂಕಿ ನೋಡಿದರು. ದಿಂಬುವಿನ ಕಾಲು ಮತ್ತೆ ಮಡಿಸಿ ನೋಡಿದರು. "ಇಷ್ಟು ಭಾರ ಇದ್ರೆ ನೋವು ಬರದೆ ಏನು. ವಯಸ್ಸಲ್ಲ ಇದು. ಇಳಿಸಿದ್ರೆ ನಡೀತಾನೆ."

ಮೇಷ್ಟ್ರು ಡಾಕ್ಟರ ಕಡೆ ತಿರುಗಿದರು. "ನಡೀತಾನಾ?"

"ಇಳಿಸಿದ್ರೆ."

"ಸರಿ," ಎಂದರು ಮೇಷ್ಟ್ರು. ದಿಂಬುವಿನ ಕಿವಿ ತಿಕ್ಕುತ್ತ, "ಬಾರೋ, ಮತ್ತೆ ಎಲ್ ಬೋರ್ಡು ಹಾಕ್ಕೊಂಡು ಮೊದಲಿಂದ ಕಲಿಯೋಣ."

ಬಾಗಿಲ ಹತ್ತಿರ ನನ್ನನ್ನು ಕೇಳಿದರು, "ಮುಂದಿನ ಸಲ ನೀನೇ ತೂಗ್ತೀಯ ಅಲ್ವಾ? ನೀನಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀಯ." ಹೂಂ ಎಂದೆ.

ಜೂನ್ ೧, ಶನಿವಾರ

ಮುಚ್ಚಿದರು. ಕೋಣೆ ಔಷಧದ ಉಗ್ರಾಣವಾಗುತ್ತದೆ. ಚಿಕ್ಕಮ್ಮ ಸೋಮವಾರದಿಂದ ಪಂಜರದ ಕಡೆಗೆ. ಬಾಗಿಲಿನ ಬರಹವನ್ನು ಅವಳೇ ಉಗುರಿನಿಂದ ಕೆರೆದು ತೆಗೆದಳು, 'ಮೊದಲೇ ಬನ್ನಿ' ಅಷ್ಟು ಬರಲಿಲ್ಲ, ಹಾಗೇ ಬಿಟ್ಟಳು.

ಕರೆಸಿದವರ ತೂಕ ಮುಗಿಸುವವರೆಗೆ ಯಂತ್ರವನ್ನು ಹೊರಗೆ ಮುಂದಿನ ಜಗುಲಿಯಲ್ಲಿ ಇಟ್ಟುಕೊಳ್ಳಬಹುದಂತೆ, ಮಧ್ಯಾಹ್ನ ಡಾಕ್ಟರು ಮಲಗುವ ಹೊತ್ತಿನಲ್ಲಿ. ಆಮೇಲೆ ನೋಡೋಣ.

ಅಮ್ಮನ ಫೋನು. ಕ್ಲಿನಿಕ್ ಮುಚ್ಚಿತು ಎಂದಷ್ಟೇ ಚಿಕ್ಕಮ್ಮ ಹೇಳಿದ್ದಾಳೆ. "ಆಯ್ತಲ್ಲ, ಮಾತಂದ್ರೆ ಮಾತು. ಬಾ. ನಾನು ಏನೂ ಕೇಳಲ್ಲ."

ಬ್ಯಾಗನ್ನು ಮಂಚದ ಕೆಳಗಿನಿಂದ ಎಳೆದೆ. ಧೂಳು ಹಿಡಿದಿತ್ತು. ಒಳಗೆ ಬಟ್ಟೆ ಇರಲಿಲ್ಲ, ಎಲ್ಲ ಕಪಾಟಿನಲ್ಲಿವೆ. ಯಾವಾಗ ತೆಗೆದಿಟ್ಟೆನೋ ನೆನಪಿಲ್ಲ.

ಮುಂದಿನ ವಾರ ಹೊರಡುತ್ತೇನೆ.

ಜೂನ್ ೮, ಶನಿವಾರ

ಜಗುಲಿಯಲ್ಲಿ ಗೋಡೆ ಒಂದೇ ಕಡೆ, ಅದರಿಂದ ಒಂದು ಮಾರು ದೂರ ಯಂತ್ರ ಇಟ್ಟಿದ್ದೇನೆ. ರಸ್ತೆ ಕಾಣುತ್ತದೆ. ನಾಯಿಗಳಿಗೂ ಕಾಣುತ್ತದೆ, ಅದೇ ತೊಂದರೆ, ಹತ್ತಿದವು ಬಸ್ಸು ನೋಡುತ್ತ ಇಳಿದುಬಿಡುತ್ತವೆ. ಮತ್ತೆ ಸೊಂಟ ಬೀಳುತ್ತಿದೆ.

ಮೊದಲ ದಿನ ಇಬ್ಬರು ಬಂದರು. ಇವತ್ತು ಹೊಲಿಗೆಯಕ್ಕ ಬಕೆಟ್ಟಿನ ಬದಲು ಬುಟ್ಟಿಯಲ್ಲಿ ಬೆಕ್ಕು ತಂದಳು, ಜೊತೆಗೆ ಪಕ್ಕದ ಮನೆಯವಳ ಬೆಕ್ಕನ್ನೂ. ಕೋಲು ಹಾಕದ ಹುಡುಗಿ ಎಲ್ಲಿ ಎಂದು ಕೇಳಿಕೊಂಡು ಬಂದಳಂತೆ. ಚಿಕ್ಕಮ್ಮ ಪಂಜರದ ಕೆಲಸದ ನಡುವೆ ಕೈ ಒರೆಸಿಕೊಳ್ಳುತ್ತ ಬಂದು ಒಂದೊಂದು ಹಲ್ಲು ನೋಡಿ ಓಡುತ್ತಾಳೆ. ಸಂಜೆ ಅವಳ ಮೊಣಕಾಲು ಊದಿಕೊಂಡಿತ್ತು. ನಾನು ಬಿಸಿನೀರು ಇಟ್ಟುಕೊಟ್ಟೆ.

"ನಿನ್ನ ಬಸ್ಸು ಯಾವತ್ತು?" ಎಂದು ಕೇಳಿದಳು, ಕಣ್ಣು ಮುಚ್ಚಿಕೊಂಡೇ.

"ಹೋಗ್ತೀನಿ, ನೂಕ್ತೀರ ಯಾಕೆ?"

"ನಾನೆಲ್ಲಿ ನೂಕಿದೆ? ನೂಕಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು," ಎಂದಳು. ಆಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೆಳಗೆ ಪಂಜರದ ನಾಯಿಗಳೆಲ್ಲ ಬೊಗಳಲು ಶುರುಮಾಡಿದವು.

ಸ್ವಲ್ಪ ಹೊತ್ತಿಗೆ ಅಮ್ಮನ ಫೋನು. "ವಾರ ಆಯ್ತಲ್ಲೇ. ಇನ್ನೂ ಬರಲಿಲ್ಲ?"

"ದಿಂಬು ಇಳೀಲಿ ಅಂತ ಕಾಯ್ತಾ ಇದೀನಿ."

"ಯಾರದು? ಎಲ್ಲಿಂದ ಇಳೀಬೇಕು?"

"ಮೂವತ್ತೊಂಬತ್ತೂವರೆಯಿಂದ," ಎಂದೆ.

ಅಮ್ಮ ಮಾತು ಬದಲಿಸಿದಳು, "ಹುಷಾರಾಗಿದೀಯ ತಾನೆ? ಸೊರಗಿದೀನಿ ಅಂತಿದ್ದೆ."

ಇಲ್ಲಮ್ಮ, ಅದು ಗೋಡೆ ತಿಂದ ಲೆಕ್ಕ ಎಂದೆ. ಏನೂ ಅರ್ಥವಾಗಲಿಲ್ಲ ಅವಳಿಗೆ. ಬುಧವಾರ ದಿಂಬು ಬರುತ್ತಾನೆ, ಅವನು ಬಸ್ಸು ನೋಡದ ಹಾಗೆ ಯಂತ್ರವನ್ನು ಯಾವ ದಿಕ್ಕಿಗೆ ತಿರುಗಿಸುವುದೋ ಯೋಚಿಸಬೇಕು.